ಕಡಿಮೆ ರೊಕ್ಕಕ್ಕೆ ಟೆಲಿಫೋಟೊ ಜೂಮ್ ಲೆನ್ಸ್: ಅಂಗಡಿಗೆ ಹೋಗುವ ಮೊದಲು ದೂರ ಅಳೆಯಿರಿ

ಆಲಮಟ್ಟಿಯ ಹಿನ್ನೀರು ಇಳಿದು ಕೆಸರಿನ ದಂಡೆ ಮೇಲೆದ್ದಿತೆಂದರೆ ರಾಜಹಂಸಗಳು (ಫ್ಲೆಮಿಂಗೊ) ಬಂದಿಳಿಯುತ್ತವೆ. ಆ ಸುದ್ದಿ ಹಬ್ಬಿದ ವಾರದಲ್ಲೇ ನನಗೆ ಫೋನುಗಳೂ ಶುರುವಾಗುತ್ತವೆ. ಈ ಸಲ ಮೊದಲು ಕೇಳಿದವನು ಬಾಗಲಕೋಟೆಯ ನವನಗರದಲ್ಲಿ ನಮ್ಮ ಓಣಿಯ ಹುಡುಗ. ಮೊದಲ ಪಗಾರ ಕೂಡಿಸಿಟ್ಟು ಹಳೆಯ ಡಿಎಸ್‌ಎಲ್‌ಆರ್ ಒಂದನ್ನು ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಸಣ್ಣ ಲೆನ್ಸ್) ಸಮೇತ ಕೊಂಡಿದ್ದಾನೆ.

"ಕಾಕಾರ, 250 ಸಾಕಾಗತೈತೇನ್ರಿ, ಇಲ್ಲಾ 300ನ ಬೇಕ್ರಿ?"

ಅವನು ಕೇಳಿದ್ದು ಟೆಲಿಫೋಟೊ, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಲೆನ್ಸಿನ ಫೋಕಲ್ ಲೆಂತ್ ಬಗ್ಗೆ. ಮಿಲಿಮೀಟರಿನಲ್ಲಿ (ಎಂಎಂ) ಹೇಳುವ ಆ ಸಂಖ್ಯೆ ದೊಡ್ಡದಾದಷ್ಟೂ ವಸ್ತು ಹತ್ತಿರ ಕಾಣುತ್ತದೆ. "ಎಷ್ಟು ದೂರದಾಗಿಂದ ತೆಗೀತಿ?" ಎಂದು ಕೇಳಿದೆ. ಅವನ ಬಳಿ ಉತ್ತರ ಇರಲಿಲ್ಲ. ಮೊದಲ ಟೆಲಿಫೋಟೊ ಕೊಳ್ಳುವಾಗ ನನ್ನ ಬಳಿಯೂ ಇರಲಿಲ್ಲ. ಆ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಲೆನ್ಸ್ ಆರಿಸುವ ಕೆಲಸ ಅರ್ಧ ಮುಗಿಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಅವನಿಗೆ ಎರಡು ಸಂಜೆ ಕುಳಿತು ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಹೆಜ್ಜೆ 1: ನಿಂತ ಜಾಗದಿಂದ ಹಕ್ಕಿಯವರೆಗೆ ಎಷ್ಟು ಮೀಟರ್?

ಮೀಟರ್ ಟೇಪ್ ಬೇಡ. ಕ್ರಿಕೆಟ್ ಪಿಚ್ ಎಲ್ಲರ ಕಣ್ಣಿಗೂ ಗೊತ್ತು, ಅದು 20 ಮೀಟರ್. ನೀವು ಫೋಟೊ ತೆಗೆಯಬೇಕೆಂದಿರುವ ಜಾಗಕ್ಕೆ ಹೋಗಿ ನಿಂತು, ಎದುರಿನ ವಸ್ತು ಎಷ್ಟು ಪಿಚ್ ದೂರದಲ್ಲಿದೆ ಎಂದು ಅಂದಾಜು ಮಾಡಿ. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಓಡುವ ಎತ್ತು ನಿಮ್ಮಿಂದ ಒಂದು ಪಿಚ್, ಹೆಚ್ಚೆಂದರೆ ಎರಡು. ಮನೆಯ ಹಿಂದಿನ ತಂತಿಯ ಮೇಲೆ ಕೂರುವ ಕಳ್ಳಿಪೀರ ಅರ್ಧ ಪಿಚ್. ಹಿನ್ನೀರಿನ ರಾಜಹಂಸ ಐದು ಪಿಚ್, ಕೆಲವೊಮ್ಮೆ ಹತ್ತು.

ಇನ್ನು ಲೆಕ್ಕ. ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ) ಅಗಲವನ್ನು ದೂರದಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ, ಅಷ್ಟು ದೂರದಲ್ಲಿ ನಿಮ್ಮ ಫ್ರೇಮಿನೊಳಗೆ ಎಷ್ಟು ಅಗಲದ ಜಾಗ ಹಿಡಿಯುತ್ತದೆ ಎಂಬುದು ಸಿಗುತ್ತದೆ. ಕ್ಯಾನನ್‌ನ ಎಪಿಎಸ್-ಸಿ (ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರುವ ಸಣ್ಣ ಗಾತ್ರದ) ಸೆನ್ಸರಿನ ಅಗಲ ಸುಮಾರು 22.3 ಮಿಲಿಮೀಟರ್, ಅದೇ ಬಗೆಯ ನಿಕಾನ್‌ನ ಡಿಎಕ್ಸ್ ಸೆನ್ಸರ್ ಸುಮಾರು 23.5. ಕ್ಯಾನನ್ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮೇಲೆ 250 ಎಂಎಂ ಲೆನ್ಸ್ ಹಾಕಿ 100 ಮೀಟರ್ ದೂರ ನೋಡಿದರೆ ಫ್ರೇಮಿನ ಅಗಲ 9 ಮೀಟರಿಗೆ ತುಸು ಕಡಿಮೆ, ಎತ್ತರ 6 ಮೀಟರ್. ನಿಕಾನ್‌ನಲ್ಲಿ 300 ಎಂಎಂ ಇದ್ದರೆ ಅಗಲ 8 ಮೀಟರಿಗೆ ಹತ್ತಿರ, ಎತ್ತರ ಸುಮಾರು 5.2 ಮೀಟರ್.

ನಿಂತ ರಾಜಹಂಸದ ಎತ್ತರ ಒಂದೂಕಾಲು ಮೀಟರ್ ಎಂದಿಟ್ಟುಕೊಳ್ಳಿ. ಐದು ಪಿಚ್ ದೂರದಲ್ಲಿ 250ರಲ್ಲಿ ಅದು ಫ್ರೇಮಿನ ಎತ್ತರದ ಐದನೇ ಒಂದು ಭಾಗ, 300ರಲ್ಲಿ ಕಾಲು ಭಾಗ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಕಾಲು ಭಾಗವೆಂದರೆ ಸುಮಾರು 1,000 ಪಿಕ್ಸೆಲ್. ಸುತ್ತ ಒಂದಿಷ್ಟು ನೀರು ಉಳಿಸಿ ಕ್ರಾಪ್ ಮಾಡಿದರೆ ಆರೇಳು ಇಂಚಿನ ಪ್ರಿಂಟ್ ಚೆನ್ನಾಗಿಯೇ ಬರುತ್ತದೆ. ಹಿಂಡಿನ ಫೋಟೊ ಆದರಂತೂ ಫ್ರೇಮ್ ತುಂಬಿರುತ್ತದೆ. ಹತ್ತು ಪಿಚ್ ದೂರವಾದರೆ ಇದೆಲ್ಲ ಅರ್ಧಕ್ಕೆ ಇಳಿಯುತ್ತದೆ, ಆಗ ಒಂಟಿ ಹಕ್ಕಿಯ ಆಸೆ ಬಿಟ್ಟು ಹಿಂಡು, ನೀರು, ಆಕಾಶ ಸೇರಿಸಿ ತೆಗೆಯಬೇಕು.

ಹುಡುಗನ ಪ್ರಶ್ನೆಗೂ ಇದೇ ಲೆಕ್ಕದಲ್ಲಿ ಉತ್ತರವಿದೆ. ಒಂದೇ ಬಾಡಿಯ ಮೇಲೆ 50 ಮೀಟರಿನಿಂದ 300 ಕೊಡುವ ಗಾತ್ರವನ್ನು 250 ಕೊಡಬೇಕಾದರೆ ನೀವು 8 ಮೀಟರು ಮುಂದೆ ಹೋದರಾಯಿತು. ಆ 50 ಎಂಎಂ ವ್ಯತ್ಯಾಸಕ್ಕಾಗಿ ಹೆಚ್ಚು ದುಡ್ಡು ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಲೆನ್ಸ್ ಇಲ್ಲದೆಯೂ ಇದನ್ನು ಕಣ್ಣಾರೆ ನೋಡಬಹುದು. ನಿಮ್ಮ 18-55 ಕಿಟ್ ಲೆನ್ಸನ್ನು 55ಕ್ಕೆ ಇಟ್ಟು ಅದೇ ಜಾಗದಿಂದ ಫೋಟೊ ತೆಗೆಯಿರಿ. ಕಂಪ್ಯೂಟರಿನಲ್ಲಿ ಆ ಫೋಟೊದ ನಡುವಿನ 22 ಪ್ರತಿಶತ ಅಗಲವನ್ನಷ್ಟೇ ಕತ್ತರಿಸಿಕೊಂಡರೆ 250 ಎಂಎಂ ಹಿಡಿಯುವ ಚೌಕಟ್ಟು, 18 ಪ್ರತಿಶತವಾದರೆ 300. ಸ್ಪಷ್ಟತೆ ಇರುವುದಿಲ್ಲ, ಆದರೆ ಎಷ್ಟು ಹತ್ತಿರ ಕಾಣುತ್ತದೆ ಎಂಬುದು ತಿಳಿಯುತ್ತದೆ. ಈ ಒಂದು ಸಂಜೆಯ ಕೆಲಸ ಮಾಡದೆ ಯಾರೂ ಲೆನ್ಸ್ ಕೊಳ್ಳಬಾರದು ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಹಕ್ಕಿ ಬಿಟ್ಟು ಬೇರೆ ಕೆಲಸಗಳಿಗೂ ಇದೇ ದಾರಿ. ವಿಜಯಪುರದ ಗೋಳಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಎರಡು ಕಿಲೋಮೀಟರ್ ದೂರದ ಮಾಳಿಗೆಯಿಂದ 250ರಲ್ಲಿ ನೋಡಿದರೆ ಗುಮ್ಮಟ ಫ್ರೇಮಿನ ಅಗಲದ ಕಾಲು ಭಾಗ ತುಂಬುತ್ತದೆ, ನಡುವಿನ ಊರಿನ ಮನೆಗಳೆಲ್ಲ ಅದರ ಬುಡಕ್ಕೆ ಒತ್ತಿಕೊಂಡಂತೆ ಕಾಣುತ್ತವೆ. ಗುಮ್ಮಟದ ಹಿಂದೆ ಹುಣ್ಣಿಮೆಯ ಚಂದ್ರ ಗುಮ್ಮಟದಷ್ಟೇ ಅಗಲವಾಗಿ ಕಾಣಬೇಕೆಂಬ ಆಸೆ ಇದ್ದರೆ, ಸುಮಾರು 5 ಕಿಲೋಮೀಟರ್ ಹಿಂದೆ ಸರಿಯಬೇಕು. ಚಂದ್ರನ ಅಗಲ ಕಣ್ಣಿಗೆ ಅರ್ಧ ಡಿಗ್ರಿಯಷ್ಟೇ, ಆ ದೂರದಿಂದ ಗುಮ್ಮಟವೂ ಅರ್ಧ ಡಿಗ್ರಿಗೆ ಇಳಿಯುತ್ತದೆ. ಗುಮ್ಮಟ ಹಳೆಯ ಊರಿನ ಪೂರ್ವಕ್ಕಿರುವುದರಿಂದ ಪಶ್ಚಿಮದ ಕಡೆ ನಿಂತವರಿಗೆ ಉದಯಿಸುವ ಚಂದ್ರ ಅದರ ಹಿಂದೆ ಸಿಗುತ್ತಾನೆ. ಬಾದಾಮಿಯಲ್ಲಿಯೂ ಹಾಗೆಯೇ. ಗುಹೆಗಳ ಕಡೆಯ ಗುಡ್ಡದಿಂದ ಅಗಸ್ತ್ಯತೀರ್ಥದಾಚೆಯ ಉತ್ತರದ ಗುಡ್ಡವನ್ನು 100 ಎಂಎಂ ಸುತ್ತಮುತ್ತ ತೆಗೆದರೆ ಕೆಂಪು ಬಂಡೆಯೂ ಗುಡಿಯೂ ಒಂದೇ ಗೋಡೆಯಂತೆ ಕೂಡಿಕೊಳ್ಳುತ್ತವೆ. ಟೆಲಿಫೋಟೊ ಅಂದರೆ ಹಕ್ಕಿಗೆ ಮಾತ್ರ ಎಂದುಕೊಂಡವರು 55ರಿಂದ 150ರವರೆಗಿನ ಭಾಗವನ್ನು ಬಳಸುವುದೇ ಇಲ್ಲ. ನನ್ನ ಒಳ್ಳೆಯ ಫೋಟೊಗಳಲ್ಲಿ ಬಹಳಷ್ಟು ಆ ಭಾಗದಲ್ಲೇ ತೆಗೆದವು.

ಹೆಜ್ಜೆ 2: ನಿಮ್ಮ ಬಾಡಿ ಯಾವ ಲೆನ್ಸನ್ನು ಒಪ್ಪುತ್ತದೆ?

ಇಲ್ಲಿ ತಪ್ಪಿದರೆ ದುಡ್ಡು ಪೂರ್ತಿ ಹೋದಂತೆ, ಆದ್ದರಿಂದ ಬಾಡಿಯ ಮಾಡೆಲ್ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಮಾತು ಶುರು ಮಾಡಿ.

ಕ್ಯಾನನ್ ಸುಲಭ. ಲೆನ್ಸಿನ ಮೇಲೆ ಬಿಳಿ ಚೌಕದ ಗುರುತಿದ್ದರೆ ಇಎಫ್-ಎಸ್, ಕೆಂಪು ಚುಕ್ಕೆ ಇದ್ದರೆ ಇಎಫ್. 1300ಡಿ, 1500ಡಿ, 200ಡಿ, 700ಡಿ, 80ಡಿಯಂಥ ಬಾಡಿಗಳಿಗೆ ಎರಡೂ ಕೂರುತ್ತವೆ. 6ಡಿ, 5ಡಿಯಂಥ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಬಾಡಿಗಳಿಗೆ ಇಎಫ್-ಎಸ್ ಕೂರುವುದೇ ಇಲ್ಲ.

ನಿಕಾನ್‌ನಲ್ಲಿ ಎರಡು ಬಲೆಗಳಿವೆ. ಒಂದು, ಡಿ3000 ಮತ್ತು ಡಿ5000 ಸರಣಿಯ ಬಾಡಿಗಳೊಳಗೆ ಫೋಕಸ್ ಮೋಟಾರ್ ಇಲ್ಲ. ಲೆನ್ಸಿನ ಮೇಲೆ ಬರೀ "ಎಎಫ್" ಎಂದಿದ್ದರೆ ಅದು ಬಾಡಿಯ ಮೋಟಾರನ್ನು ನಂಬಿದ ಲೆನ್ಸ್, ನಿಮ್ಮ ಕ್ಯಾಮೆರಾದಲ್ಲಿ ಕೈಯಿಂದಲೇ ಫೋಕಸ್ ತಿರುಗಿಸಬೇಕು. ಹಳೆಯ ಸಿಗ್ಮಾ, ಟ್ಯಾಮ್ರಾನ್ 70-300ಗಳಲ್ಲಿ ಕೆಲವಕ್ಕೂ ಮೋಟಾರ್ ಇಲ್ಲ. "ಎಎಫ್-ಎಸ್" ಅಥವಾ "ಎಎಫ್-ಪಿ" ಎಂದಿರಬೇಕು. ಎರಡನೆಯದು, ಈ ಎಎಫ್-ಪಿ ಲೆನ್ಸ್ ಹಳೆಯ ಬಾಡಿಗಳಲ್ಲಿ ಕೆಲಸ ಮಾಡುವುದಿಲ್ಲ. ಡಿ90, ಡಿ80, ಡಿ3000, ಡಿ60, ಡಿ40 ಇರುವವರು ಅದನ್ನು ಮುಟ್ಟಲೇಬಾರದು. ಅದರ ಫೋಕಸ್ ರಿಂಗ್ ಕೂಡ ಕರೆಂಟಿನಿಂದ ನಡೆಯುವುದರಿಂದ ಕೈಯಿಂದಲೂ ಫೋಕಸ್ ಆಗುವುದಿಲ್ಲ. ಡಿ3300, ಡಿ5300, ಡಿ5500ಗಳಿಗೆ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಹಾಕಿಕೊಂಡರೆ ನಡೆಯುತ್ತದೆ. ಡಿ3400, ಡಿ3500, ಡಿ5600, ಡಿ7500ಗಳಲ್ಲಿ ಏನೂ ತೊಂದರೆಯಿಲ್ಲ.

ಮುಂದೆ ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಹೋಗುವ ಯೋಚನೆ ಇದ್ದವರಿಗೆ ಒಂದು ಮಾತು: ಕ್ಯಾನನ್ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಇಒಎಸ್ ಆರ್ ಬಾಡಿಗಳಲ್ಲಿ ಆಟೊಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನ ಎಫ್‌ಟಿಜಡ್ ಅಡಾಪ್ಟರಿನಲ್ಲಿ ಎಎಫ್-ಎಸ್, ಎಎಫ್-ಪಿಗಳಿಗೆ ಆಟೊಫೋಕಸ್ ಉಂಟು, ಮೋಟಾರ್ ಇಲ್ಲದ ಹಳೆಯ ಎಎಫ್ ಲೆನ್ಸ್‌ಗಳಿಗೆ ಇಲ್ಲ.

ಹೆಜ್ಜೆ 3: ಕೈನಡುಕ ತಡೆಯುವ ವ್ಯವಸ್ಥೆ ಇಲ್ಲದ ಲೆನ್ಸ್ ಬೇಡ

ನನ್ನ ಮೊದಲ ಟೆಲಿಫೋಟೊ ಸೆಕೆಂಡ್ ಹ್ಯಾಂಡ್. 300 ಎಂಎಂ ಇತ್ತು, ಅಗ್ಗವಿತ್ತು, ನಡುಕ ತಡೆಯುವ ವ್ಯವಸ್ಥೆ ಇರಲಿಲ್ಲ. ಮಾರಿದವರು "300 ಅಂದ್ರ 300 ನೋಡ್ರಿ ಸರ, ಬ್ಯಾರೇದೇನೂ ಬೇಕಾಗಂಗಿಲ್ಲ" ಅಂದರು, ನಾನೂ ನಂಬಿದೆ. ಮರುವಾರ ನಸುಕಿನಲ್ಲಿ ಬೀಳಗಿ ಕಡೆಯ ಹಿನ್ನೀರಿಗೆ ಹೋಗಿ ಇನ್ನೂರು ಫೋಟೊ ತೆಗೆದೆ. ಹಕ್ಕಿಗಳು ಅಲುಗದೆ ನಿಂತಿದ್ದವು, ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎಲ್ಲವೂ ಚೆಂದ ಕಂಡವು. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಒಂದೊಂದು ಹಕ್ಕಿಗೂ ಎರಡೆರಡು ಅಂಚು. ಆ ದಿನದ ಬೆಳಕು ಮತ್ತೆ ಸಿಗಲಿಲ್ಲ, ಇವತ್ತಿಗೂ ಅದರ ಬೇಸರ ಹೋಗಿಲ್ಲ.

ಆಗಿದ್ದು ಇಷ್ಟೆ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ಸ್ಪೀಡ್ (ಸೆನ್ಸರಿನ ಮೇಲೆ ಬೆಳಕು ಬೀಳುವ ಅವಧಿ) ಎಷ್ಟಿರಬೇಕೆಂಬುದಕ್ಕೆ ಹಳೆಯ ರೂಢಿಯೊಂದಿದೆ. ಫೋಕಲ್ ಲೆಂತನ್ನು ಕ್ರಾಪ್ ಅಂಶದಿಂದ (ಫುಲ್ ಫ್ರೇಮ್ ಸೆನ್ಸರ್ ನಿಮ್ಮ ಸೆನ್ಸರಿಗಿಂತ ಎಷ್ಟು ಪಟ್ಟು ಅಗಲವೋ ಆ ಸಂಖ್ಯೆ) ಗುಣಿಸಿ, ಸೆಕೆಂಡಿನ ಅಷ್ಟನೇ ಒಂದು ಭಾಗಕ್ಕಿಂತ ನಿಧಾನಕ್ಕೆ ಇಳಿಯಬಾರದು. ಕ್ರಾಪ್ ಅಂಶ ಕ್ಯಾನನ್‌ಗೆ 1.6, ನಿಕಾನ್‌ಗೆ 1.5. ಕ್ಯಾನನ್ ಮೇಲೆ 250 ಎಂದರೆ ಸೆಕೆಂಡಿನ 1/400, ನಿಕಾನ್ ಮೇಲೆ 300 ಎಂದರೆ 1/450, ಅಂದರೆ 1/500 ಎಂದೇ ಇಟ್ಟುಕೊಳ್ಳಿ. ನಸುಕಿನಲ್ಲಿ ನನ್ನ ಕ್ಯಾಮೆರಾ 1/125ರಲ್ಲಿತ್ತು.

ನಡುಕ ತಡೆಯುವ ವ್ಯವಸ್ಥೆಗೆ ಕ್ಯಾನನ್ ಇಟ್ಟ ಹೆಸರು ಐಎಸ್, ನಿಕಾನ್‌ನದು ವಿಆರ್, ಟ್ಯಾಮ್ರಾನ್‌ನದು ವಿಸಿ, ಸಿಗ್ಮಾದ್ದು ಒಎಸ್. ಕೆಲಸ ಒಂದೇ: ಲೆನ್ಸಿನೊಳಗಿನ ಒಂದು ಗಾಜಿನ ಗುಂಪು ಕೈ ಅಲುಗಿದ ಎದುರು ದಿಕ್ಕಿಗೆ ಸರಿದು ಚಿತ್ರವನ್ನು ಹಿಡಿದು ನಿಲ್ಲಿಸುತ್ತದೆ. ಕಂಪನಿ 3.5 ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಶಟರ್ ಅವಧಿ ದುಪ್ಪಟ್ಟು) ಎಂದು ಹೇಳಿದರೆ ಲೆಕ್ಕದ ಪ್ರಕಾರ 1/400ರ ಬದಲು 1/40ರ ಆಸುಪಾಸಿಗೆ ಇಳಿಯಬಹುದು. ನಾನು 1/100ರ ಕೆಳಗೆ ಹೋಗುವುದಿಲ್ಲ. ಇದು ನಿಮ್ಮ ಕೈಯನ್ನು ನಿಲ್ಲಿಸುತ್ತದೆಯೇ ಹೊರತು ಓಡುವ ಎತ್ತನ್ನು ನಿಲ್ಲಿಸುವುದಿಲ್ಲ, ಅದಕ್ಕೆ 1/1000 ಬೇಕೇ ಬೇಕು. ಆದರೂ ಕಣ್ಣಿಟ್ಟು ನೋಡುವಾಗ ವ್ಯೂಫೈಂಡರಿನೊಳಗಿನ ಚಿತ್ರ ಅಲುಗದೆ ನಿಲ್ಲುವುದರಿಂದ ಫೋಕಸ್ ಚುಕ್ಕೆಯನ್ನು ಹಕ್ಕಿಯ ತಲೆಯ ಮೇಲೆ ಇಡಲು ಆಗುತ್ತದೆ. ಆ ಉಪಕಾರ ದೊಡ್ಡದು.

ಪೆಟ್ಟಿಗೆಯ ಮೇಲಿನ ಅಕ್ಷರ ಒಂದೊಂದಾಗಿ ಓದಿ. ನಿಕಾನ್ ಎಎಫ್-ಪಿ ಡಿಎಕ್ಸ್ 70-300 ಎರಡು ಬಗೆಯಲ್ಲಿದೆ. ಒಂದರ ಹೆಸರಿನ ಕೊನೆಗೆ ವಿಆರ್ ಇದೆ, ಇನ್ನೊಂದಕ್ಕಿಲ್ಲ, ನೋಡಲು ಅವಳಿ ಜವಳಿ. ಎರಡಕ್ಕೂ ಲೆನ್ಸಿನ ಮೇಲೆ ವಿಆರ್ ಸ್ವಿಚ್ ಇಲ್ಲದಿರುವುದರಿಂದ ಸ್ವಿಚ್ ನೋಡಿ ಗುರುತಿಸುವುದೂ ಆಗದು. ಕ್ಯಾನನ್ ಇಎಫ್ 75-300 III ಎಂಬ ಅಗ್ಗದ ಲೆನ್ಸಿಗೂ ಐಎಸ್ ಇಲ್ಲ.

ಹೆಜ್ಜೆ 4: ಎಫ್/5.6 ಸಾಕೇ? ನಮ್ಮ ಬಿಸಿಲನ್ನು ಕೇಳಿ

ಎಫ್ ಸಂಖ್ಯೆ ಹೇಳುವುದು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಅಗ್ಗದ ಟೆಲಿಫೋಟೊ ಜೂಮ್‌ಗಳೆಲ್ಲ ತುದಿಯಲ್ಲಿ ಎಫ್/5.6 ಅಥವಾ ಎಫ್/6.3. ಎಫ್/2.8 ಲೆನ್ಸ್ ಎಫ್/5.6ರ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಆದರೆ 300 ಎಂಎಂನಲ್ಲಿ ಎಫ್/2.8 ಬೇಕಾದರೆ ಮುಂದಿನ ಗಾಜಿನ ಅಗಲವೇ 107 ಮಿಲಿಮೀಟರ್ ಇರಬೇಕು, ಎಫ್/5.6ಕ್ಕೆ 54 ಸಾಕು. ಬೆಲೆ, ಭಾರ ಎರಡೂ ಏರುವುದು ಆ ಗಾಜಿನಿಂದ.

ಬಾಗಲಕೋಟೆ, ವಿಜಯಪುರದವರಿಗೆ ಇಲ್ಲೊಂದು ಅನುಕೂಲವಿದೆ. ಮೋಡವಿಲ್ಲದ ಬಿಸಿಲಿನಲ್ಲಿ ಎಫ್/16ಕ್ಕೆ ಇಟ್ಟರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎಂಬ ಸಂಖ್ಯೆ) ಎಷ್ಟೋ ಅಷ್ಟನೇ ಭಾಗದ ಸೆಕೆಂಡ್ ಶಟರ್ ಸಾಕೆಂಬ ಲೆಕ್ಕ ಫಿಲ್ಮ್ ಕಾಲದಿಂದಲೂ ಇದೆ. ಅದರಂತೆ ಎಫ್/5.6, ಐಎಸ್‌ಒ 200 ಇಟ್ಟರೆ 1/1600 ಸಿಗುತ್ತದೆ. ಲೆನ್ಸನ್ನು ಎಫ್/8ಕ್ಕೆ ಇಳಿಸಿ ಐಎಸ್‌ಒ 400 ಮಾಡಿದರೂ ಅದೇ 1/1600. ಹಾರುವ ಹಕ್ಕಿಯನ್ನು ಹಿಡಿಯಲು ಇಷ್ಟು ಸಾಕು, ಅಗ್ಗದ ಲೆನ್ಸ್‌ಗಳು ಎಫ್/8ರಲ್ಲಿ ಹೆಚ್ಚು ಚೂಪಾಗಿಯೂ ಇರುತ್ತವೆ. ವರ್ಷದ ಏಳೆಂಟು ತಿಂಗಳು ನಮಗೆ ಸಿಗುವ ಈ ಬಿಸಿಲು ದುಬಾರಿ ಗಾಜಿನ ಅರ್ಧ ಕೆಲಸ ಮಾಡಿಕೊಡುತ್ತದೆ. ಖಾನಾಪುರದ ಕಾಡಿನಲ್ಲಿ, ಮಳೆಗಾಲದಲ್ಲಿ, ಮರದ ನೆರಳಲ್ಲಿ ತೆಗೆಯುವ ಬೆಳಗಾವಿಯ ಗೆಳೆಯರಿಗೆ ಈ ಮಾತು ಹೊಂದುವುದಿಲ್ಲ. ಅವರು ಐಎಸ್‌ಒ 3200ಕ್ಕೆ ತಯಾರಿರಬೇಕು.

ಆದರೆ ಅದೇ ಬಿಸಿಲು ಇನ್ನೊಂದು ಕಡೆ ಕಸಿದುಕೊಳ್ಳುತ್ತದೆ. ಮಾರ್ಚ್ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತೂವರೆ ದಾಟಿದರೆ ಎರೆಹೊಲದ ಮೇಲೆ, ಒಣಗಿದ ಕೆರೆಯಂಗಳದ ಮೇಲೆ ಗಾಳಿ ಕುದಿಯತೊಡಗುತ್ತದೆ. ಬಿಸಿ ಗಾಳಿ, ತಂಪು ಗಾಳಿ ಪದರಪದರವಾಗಿ ಬೆರೆತು ಬೆಳಕನ್ನು ಅತ್ತಿತ್ತ ಬಾಗಿಸುತ್ತದೆ. ಬಿಸಿಲ್ಗುದುರೆ ಕಾಣಿಸುವುದೂ ಬಿಸಿ ಗಾಳಿ ಬೆಳಕನ್ನು ಬಾಗಿಸುವುದರಿಂದಲೇ. ನೂರು ಮೀಟರ್ ದೂರದ ಹಕ್ಕಿ ಆಗ ನೀರಿನೊಳಗಿಂದ ನೋಡಿದಂತೆ ಮೆತ್ತಗಾಗುತ್ತದೆ. ಲೆನ್ಸ್ ಕೆಟ್ಟಿದೆ ಎಂದು ಎಷ್ಟೋ ಜನ ಅಂಗಡಿಗೆ ವಾಪಸ್ ಒಯ್ದದ್ದನ್ನು ನೋಡಿದ್ದೇನೆ. ಲಕ್ಷಗಟ್ಟಲೆ ಬೆಲೆಯ ಲೆನ್ಸಿಗೂ ಇದಕ್ಕೆ ಮದ್ದಿಲ್ಲ. ಹೊಸ ಲೆನ್ಸನ್ನು ಪರೀಕ್ಷಿಸುವುದಾದರೆ ಬೆಳಿಗ್ಗೆ ಎಂಟರೊಳಗೆ, ಇಲ್ಲವೇ 15-20 ಮೀಟರ್ ದೂರದ ವಸ್ತುವಿನ ಮೇಲೆ ಪರೀಕ್ಷಿಸಿ.

ರಾತ್ರಿಯ ವೇದಿಕೆಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಆಸೆ ಕಿತ್ತೂರು ಉತ್ಸವದ ಕುಣಿತ, ಶ್ರೀಕೃಷ್ಣ ಪಾರಿಜಾತದ ಆಟ, ದೀಪದ ಬೆಳಕಿನ ಕುಸ್ತಿ ಇವೇ ಆಗಿದ್ದರೆ ಈ ಲೆನ್ಸ್ ಯಾವುದೂ ಬೇಡ. 50 ಎಂಎಂ ಎಫ್/1.8 ಕೊಂಡು ಮುಂದಿನ ಸಾಲಿಗೆ ಹೋಗಿ. ಅದು ಎಫ್/5.6ಗಿಂತ ಸುಮಾರು ಹತ್ತು ಪಟ್ಟು ಬೆಳಕು ಕೊಡುತ್ತದೆ, ಬೆಲೆಯೂ ಕಡಿಮೆ.

ಹೆಜ್ಜೆ 5: ಯಾವುದನ್ನು ಕೊಳ್ಳಲಿ?

ಬೆಲೆ ತಿಂಗಳಿಗೊಂದು ತರಹ ಬದಲಾಗುವುದರಿಂದ ಅಂಕಿ ಬರೆಯುವುದಿಲ್ಲ. ನನ್ನ ಆಯ್ಕೆಯನ್ನು ನೇರವಾಗಿ ಹೇಳುತ್ತೇನೆ.

ಕ್ಯಾನನ್ ಎಪಿಎಸ್-ಸಿ ಬಾಡಿ ಇದ್ದವರಿಗೆ ಇಎಫ್-ಎಸ್ 55-250 ಎಂಎಂ ಎಫ್/4-5.6 ಐಎಸ್ ಎಸ್‌ಟಿಎಂ (ಎಸ್‌ಟಿಎಂ ಎಂಬುದು ಅದರ ಫೋಕಸ್ ಮೋಟಾರಿನ ಹೆಸರು). 2013ರಲ್ಲಿ ಬಂದ ಲೆನ್ಸ್, ಭಾರ 375 ಗ್ರಾಂ ಮಾತ್ರ, 85 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ, ಹಾಗಾಗಿ ಚಿಟ್ಟೆ, ಡ್ರ್ಯಾಗನ್‌ಫ್ಲೈ ಕೂಡ ಸಿಗುತ್ತವೆ. ಇದರ ಹಿಂದಿನ ಐಎಸ್, ಐಎಸ್ II ಎಂಬ ಎರಡು ಅವತಾರಗಳು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಇನ್ನೂ ಓಡಾಡುತ್ತವೆ. ಅವುಗಳ ಫೋಕಸ್ ನಿಧಾನ, ಸದ್ದು ಜಾಸ್ತಿ, ಫೋಕಸ್ ಆಗುವಾಗ ಮುಂದಿನ ಗಾಜು ತಿರುಗುತ್ತದೆ. ಕೊನೆಯಲ್ಲಿ ಎಸ್‌ಟಿಎಂ ಎಂದು ಬರೆದಿರುವುದನ್ನೇ ಹುಡುಕಿ, ಅದಕ್ಕಾಗಿ ಒಂದು ತಿಂಗಳು ಕಾದರೂ ಚಿಂತೆಯಿಲ್ಲ.

ನಿಕಾನ್‌ನ ಹೊಸ ಬಾಡಿ ಇದ್ದರೆ ಎಎಫ್-ಪಿ ಡಿಎಕ್ಸ್ 70-300 ವಿಆರ್. 415 ಗ್ರಾಂ, ಫೋಕಸ್ ಚುರುಕು, ಸದ್ದೇ ಇಲ್ಲ. ತುದಿಯಲ್ಲಿ ಎಫ್/6.3 ಎಂಬುದೊಂದೇ ಕೊರತೆ. ಹಳೆಯ ಬಾಡಿಯವರಿಗೆ ಎಎಫ್-ಎಸ್ ಡಿಎಕ್ಸ್ 55-300 ವಿಆರ್ ಸರಿಹೊಂದುತ್ತದೆ, ಫೋಕಸ್ ನಿಧಾನ ಎಂಬುದನ್ನು ಒಪ್ಪಿಕೊಂಡು ಕೊಳ್ಳಬೇಕು.

ಫುಲ್ ಫ್ರೇಮ್ ಬಾಡಿ ಇದ್ದವರಿಗೆ ಟ್ಯಾಮ್ರಾನ್ ಎಸ್‌ಪಿ 70-300 ವಿಸಿ ಯುಎಸ್‌ಡಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ. 765 ಗ್ರಾಂ ಇದೆ, ಕುತ್ತಿಗೆಗೆ ಭಾರ ಗೊತ್ತಾಗುತ್ತದೆ, ಆದರೆ ಅದರ ವಿಸಿ ಶುರುವಾದಾಗ ವ್ಯೂಫೈಂಡರಿನಲ್ಲಿ ಚಿತ್ರ ಅಂಟಿಸಿದಂತೆ ನಿಲ್ಲುತ್ತದೆ. ದುಡ್ಡು ಇನ್ನಷ್ಟು ಇದ್ದರೆ ಕ್ಯಾನನ್ ಇಎಫ್ 70-300 ಐಎಸ್ II ಯುಎಸ್‌ಎಂ.

150-600 ಲೆನ್ಸ್‌ಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಘಟಪ್ರಭಾ ಪಕ್ಷಿಧಾಮಕ್ಕೆ ಧೂಪದಾಳದ ಕಡೆ ಪ್ರತಿ ಚಳಿಗಾಲ ಹೋಗುವವರಿಗೆ, ಯಡಹಳ್ಳಿಯ ಚಿಂಕಾರ ಹುಲ್ಲೆಗಳ ಹಿಂದೆ ಬಿದ್ದವರಿಗೆ ಅದು ಬೇಕು. ಆದರೆ ಅದು ಎರಡು ಕಿಲೋಗೆ ಹತ್ತಿರದ ಲೆನ್ಸ್. ಮೊದಲ ಟೆಲಿಫೋಟೊ ಆಗಿ ಕೊಂಡು ಮೂರೇ ತಿಂಗಳಲ್ಲಿ ಕಪಾಟಿಗೆ ಸೇರಿಸಿದವರು ನನಗೆ ಗೊತ್ತು. ಒಂದು ವರ್ಷ 250 ಬಳಸಿ, ಎಷ್ಟು ಫೋಟೊಗಳಲ್ಲಿ ನಿಜವಾಗಿಯೂ ಉದ್ದ ಸಾಲಲಿಲ್ಲ ಎಂದು ಎಣಿಸಿ, ಆಮೇಲೆ ಯೋಚಿಸಿ.

ಹೆಜ್ಜೆ 6: ಸೆಕೆಂಡ್ ಹ್ಯಾಂಡ್ ಲೆನ್ಸನ್ನು ಹೀಗೆ ನೋಡಿ

ನಿಮ್ಮ ಸ್ವಂತ ಬಾಡಿ, ಚಾರ್ಜ್ ಆದ ಬ್ಯಾಟರಿ, ಖಾಲಿ ಕಾರ್ಡ್, ಒಂದು ಸಣ್ಣ ಟಾರ್ಚ್, ಒಂದು ಕನ್ನಡ ದಿನಪತ್ರಿಕೆ ತೆಗೆದುಕೊಂಡು ಹೋಗಿ. ಸಂಜೆಗತ್ತಲಲ್ಲಿ, ಹೋಟೆಲಿನ ಟೇಬಲ್ ಮೇಲೆ ಅವಸರದ ವ್ಯವಹಾರ ಬೇಡ.

ಮೊದಲು ಟಾರ್ಚ್. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು, ಮುಂದಿನಿಂದ ನೋಡಿ. ಒಳಗೆ ಎರಡು ಮೂರು ಧೂಳಿನ ಕಣ ಇದ್ದರೆ ಫೋಟೊಗೆ ಏನೂ ಆಗುವುದಿಲ್ಲ. ಜೇಡರ ಬಲೆಯ ಎಳೆಯಂತೆ ಕವಲೊಡೆದ ಗೆರೆಗಳಿದ್ದರೆ ಫಂಗಸ್, ಎಷ್ಟು ಅಗ್ಗವಾದರೂ ಬೇಡ. ಹಾಲು ಚೆಲ್ಲಿ ಒರೆಸಿದಂಥ ಮಬ್ಬು ಇದ್ದರೂ ಬೇಡ. ಮಳೆ ಹೆಚ್ಚಿರುವ ಊರಿನಿಂದ ಬಂದ ಲೆನ್ಸ್‌ಗಳಲ್ಲಿ ಇದನ್ನು ಎರಡು ಸಲ ನೋಡಿ.

ಆಮೇಲೆ ಕೈ. ಜೂಮ್ ರಿಂಗ್ ತುದಿಯಿಂದ ತುದಿಗೆ ತಿರುಗಿಸಿ, ಮರಳು ಅರೆದಂಥ ಸದ್ದು ಬಂದರೆ ನಮ್ಮ ಕಡೆಯ ಧೂಳು ಒಳಗೆ ಸೇರಿದೆ ಎಂದರ್ಥ. ಮೌಂಟಿನ ಹಿತ್ತಾಳೆ ಬಣ್ಣದ ಸಂಪರ್ಕ ಬಿಂದುಗಳು ಸ್ವಚ್ಛ ಇರಬೇಕು. ಫಿಲ್ಟರ್ ಹಾಕುವ ಅಂಚು ನೆಗ್ಗಿದ್ದರೆ ಲೆನ್ಸ್ ಒಮ್ಮೆ ಕೆಳಗೆ ಬಿದ್ದಿದೆ.

ಲೆನ್ಸನ್ನು ಬಾಡಿಯ ಮೇಲೆ ಹಾಕಿ ಶಟರ್ ಬಟನ್ ಅರ್ಧ ಒತ್ತಿ ಕಿವಿಗೊಡಿ. ಸಣ್ಣ ಗುಂಯ್ ಸದ್ದು ಬಂದು ವ್ಯೂಫೈಂಡರಿನ ಚಿತ್ರ ನಿಂತರೆ ಐಎಸ್ ಜೀವಂತ. ಚಿತ್ರ ಅತ್ತಿತ್ತ ಜಿಗಿದರೆ ಅದು ಕೆಟ್ಟಿದೆ. ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ಹತ್ತು ಸಲ ಫೋಕಸ್ ಬದಲಿಸಿ. ಬಳಿಕ ಅಪರ್ಚರ್ ಮೋಡಿನಲ್ಲಿ ಎಫ್/5.6, ಎಫ್/11, ಎಫ್/16 ಮೂರರಲ್ಲೂ ಒಂದೇ ಗೋಡೆಯ ಫೋಟೊ ತೆಗೆಯಿರಿ. ಬೆಳಕು ಮೂರರಲ್ಲೂ ಒಂದೇ ಇರಬೇಕು. ಎಫ್/16ರದು ಬೆಳ್ಳಗಾಗಿದ್ದರೆ ಒಳಗಿನ ಅಪರ್ಚರ್ ಎಲೆಗಳು ಅಂಟಿಕೊಂಡಿವೆ.

ಕೊನೆಗೆ ಪತ್ರಿಕೆ. ಒಂದು ಪುಟವನ್ನು ಅಡ್ಡಡ್ಡ ಗೋಡೆಗೆ ಅಂಟಿಸಿ, ನೆಟ್ಟಗೆ ಎದುರು 5 ಮೀಟರ್ ದೂರ ನಿಂತು, ಕ್ಯಾಮೆರಾವನ್ನು ಮೇಜಿನ ಮೇಲೆ ಗಟ್ಟಿಯಾಗಿಟ್ಟು 250ರಲ್ಲಿ ಎಫ್/5.6ಕ್ಕೆ ತೆಗೆಯಿರಿ. ನಿಕಾನ್ 300 ಆದರೆ 6 ಮೀಟರ್. ಪುಟ ಹೆಚ್ಚುಕಡಿಮೆ ಫ್ರೇಮ್ ತುಂಬುತ್ತದೆ. ಈಗ ಪರದೆಯಲ್ಲಿ ದೊಡ್ಡದು ಮಾಡಿ ನಾಲ್ಕು ಮೂಲೆಗಳ ಒತ್ತಕ್ಷರಗಳನ್ನು ಓದಿ. ಕನ್ನಡದ ಒತ್ತಕ್ಷರದಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ, ಲೆನ್ಸ್ ಮೆತ್ತಗಿದ್ದರೆ ಕೆಳಗಿನ ಆ ಸಣ್ಣ ರೂಪಗಳೇ ಮೊದಲು ಕಲಸಿಹೋಗುತ್ತವೆ. ನಾಲ್ಕೂ ಮೂಲೆ ಸಮನಾಗಿ ತುಸು ಮೆತ್ತಗಿದ್ದರೆ ಅಗ್ಗದ ಲೆನ್ಸಿಗೆ ಅದು ಸಹಜ. ಎಡಗಡೆ ಓದಲು ಬಂದು ಬಲಗಡೆ ಬರದಿದ್ದರೆ ಒಳಗಿನ ಗಾಜು ಓರೆಯಾಗಿದೆ, ಕೈಬಿಡಿ. ಇದೇ ಫೋಟೊವನ್ನು ಒಮ್ಮೆ ವ್ಯೂಫೈಂಡರಿನಿಂದ, ಒಮ್ಮೆ ಲೈವ್ ವ್ಯೂನಿಂದ (ಹಿಂದಿನ ಪರದೆಯಲ್ಲಿ ನೋಡುತ್ತ) ಫೋಕಸ್ ಮಾಡಿ ತೆಗೆಯಿರಿ. ಲೈವ್ ವ್ಯೂನದು ಮಾತ್ರ ಚೂಪಾಗಿದ್ದರೆ ಲೆನ್ಸ್ ಮತ್ತು ಬಾಡಿಯ ಫೋಕಸ್ ಹೊಂದುತ್ತಿಲ್ಲ. ಅಗ್ಗದ ಬಾಡಿಗಳಲ್ಲಿ ಅದನ್ನು ಸರಿಪಡಿಸುವ ಮೆನು ಇರುವುದಿಲ್ಲ.

ಹೊಸದನ್ನೇ ಕೊಳ್ಳುವುದಾದರೂ ಪತ್ರಿಕೆಯ ಪರೀಕ್ಷೆ ಬಿಡಬೇಡಿ. ಬಿಲ್ಲಿನ ಮೇಲೆ ಲೆನ್ಸಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿ ಕಾರ್ಡ್ ಭಾರತದ್ದೇ ಎಂದು ಖಚಿತ ಮಾಡಿಕೊಳ್ಳಿ. ಆನ್‌ಲೈನ್ ಪಾರ್ಸೆಲ್ ಆದರೆ ಬಿಚ್ಚುವಾಗ ಫೋನಿನಲ್ಲಿ ವಿಡಿಯೊ ಮಾಡಿ.

ಹೆಜ್ಜೆ 7: ಲೆನ್ಸ್ ಮನೆಗೆ ಬಂದ ಮೇಲೆ

ಉಳಿದ ದುಡ್ಡಲ್ಲಿ ಮೊದಲು ಹುಡ್ (ಲೆನ್ಸಿನ ಬಾಯಿಗೆ ಹಾಕುವ ನೆರಳಿನ ಕೊಳವೆ) ಕೊಳ್ಳಿ, ಅಗ್ಗದ ಲೆನ್ಸ್‌ಗಳ ಜೊತೆ ಬಹುತೇಕ ಅದು ಬರುವುದಿಲ್ಲ. ಕ್ಯಾನನ್ 55-250 ಎಸ್‌ಟಿಎಂಗೆ ಇಟಿ-63, ನಿಕಾನ್ ಎಎಫ್-ಪಿ 70-300ಕ್ಕೆ ಎಚ್‌ಬಿ-77. ಓರೆ ಬಿಸಿಲಿನಲ್ಲಿ ಬಣ್ಣ ತೊಳೆದುಹೋಗುವುದನ್ನು ಇದು ತಡೆಯುತ್ತದೆ. ಅಂಗಡಿಯವರು ಮೇಲೆ ಹಾಕಿಕೊಡುವ ಅಗ್ಗದ ಯುವಿ ಫಿಲ್ಟರ್ ಬೇಡ, ಟೆಲಿಫೋಟೊದ ಮುಂದೆ ಕೀಳು ಗಾಜು ಇಟ್ಟರೆ ಚೂಪು ಹೋಗುತ್ತದೆ.

ಕ್ಯಾಮೆರಾದಲ್ಲಿ ಅಪರ್ಚರ್ ಎಫ್/7.1 ಅಥವಾ 8, ಫೋಕಸ್ ಮೋಡ್ ಕ್ಯಾನನ್‌ನಲ್ಲಿ ಎಐ ಸರ್ವೊ, ನಿಕಾನ್‌ನಲ್ಲಿ ಎಎಫ್-ಸಿ (ಎರಡೂ ಚಲಿಸುವ ವಸ್ತುವನ್ನು ಹಿಂಬಾಲಿಸುವ ಮೋಡ್), ನಡುವಿನ ಒಂದೇ ಫೋಕಸ್ ಚುಕ್ಕೆ. ಎಡಗೈ ಲೆನ್ಸಿನ ಕೆಳಗೆ ಇರಲಿ, ಮೊಣಕೈ ಎದೆಗೆ ಒತ್ತಿರಲಿ.

ಟ್ರೈಪಾಡ್ ಬದಲು ನಾನು ಬಳಸುವುದು ಜೋಳದ ಚೀಲ. ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಒಂದೂವರೆ ಗೇಣು ಕತ್ತರಿಸಿ, ಒಂದು ತುದಿ ಹೊಲಿದು, ಎರಡು ಕಿಲೋ ಜೋಳ ತುಂಬಿ, ಇನ್ನೊಂದು ತುದಿಯನ್ನೂ ಹೊಲಿಯಬೇಕು. ಬೈಕಿನ ಸೀಟಿನ ಮೇಲೆ, ಒಡ್ಡಿನ ಮೇಲೆ, ಜೀಪಿನ ಕಿಟಕಿಯಲ್ಲಿ ಎಲ್ಲಿಟ್ಟರೂ ಲೆನ್ಸ್ ಹುದುಗಿ ಕೂರುತ್ತದೆ. ಜೋಳವನ್ನು ಚೆನ್ನಾಗಿ ಒಣಗಿಸಿ ತುಂಬಿ, ಇಲ್ಲದಿದ್ದರೆ ನುಸಿ ಹಿಡಿಯುತ್ತದೆ.

ಬೇಸಿಗೆಯಲ್ಲಿ ಹಿನ್ನೀರಿನ ನಡುಗಡ್ಡೆಗಳ ಮರಳಿನ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಲೆನ್ಸಿನ ಉದ್ದ ಸಾಲದೆಂದು ತೆಪ್ಪ ಹಾಕಿಕೊಂಡು ಅಲ್ಲಿಗೆ ಹೋಗಬೇಡಿ. ತಾಯಿ ಎದ್ದು ಹೋದರೆ ಆ ಬಿಸಿಲಿಗೆ ಮೊಟ್ಟೆ ಬೆಂದುಹೋಗುತ್ತದೆ. ರಾಜಹಂಸಗಳು ಒಂದೇ ಸಲ ಎಲ್ಲ ತಲೆ ಎತ್ತಿ ಒಂದೇ ದಿಕ್ಕಿಗೆ ನಡೆಯತೊಡಗಿದರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ, ಅಲ್ಲೇ ಕುಳಿತುಬಿಡಿ.

ಓಣಿಯ ಹುಡುಗ ಕಳೆದ ಭಾನುವಾರ ಹೋಗಿ ಅಳೆದು ಬಂದ. ಅವನಿಗೆ ಬೇಕಾದ ಜಾಗ ನಾಲ್ಕು ಪಿಚ್ ದೂರವಂತೆ, ಬಾಡಿ ಕ್ಯಾನನ್. ವಿಜಯಪುರದಲ್ಲಿ ಒಂದು 55-250 ಎಸ್‌ಟಿಎಂ ಇದೆ ಎಂದು ಗೊತ್ತಾಗಿದೆ, ಈ ವಾರ ಇಬ್ಬರೂ ಟಾರ್ಚ್, ಪತ್ರಿಕೆ ಹಿಡಿದುಕೊಂಡು ಬೆಳಗಿನ ಬಸ್ಸಿಗೆ ಹೊರಟಿದ್ದೇವೆ. ಲೆನ್ಸ್ ಇಡಲು ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅವನ ತಾಯಿ ಈಗಲೇ ಅಡುಗೆಮನೆಯಿಂದ ತೆಗೆದುಕೊಟ್ಟಿದ್ದಾರೆ. ಅದರೊಳಗೆ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಬೇಕು, ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆರೆದು ನೋಡಬೇಕು.